ಕೆರೆ ಪಕ್ಕದ ಗುಂಡಿ: ಬೆಂಗಳೂರಿನ ಕಪ್ಪೆಗಳ ಜೊತೆ ಒಂದು ದಿನ

(ಬೆಂಗಳೂರಿನ ಬಡಾವಣೆಯೊಂದರ ವಾಚನಾಲಯದಲ್ಲಿ ಏಪ್ರಿಲ್ ತಿಂಗಳ ಒಂದು ಭಾನುವಾರ ಸಂಜೆ ಆಡಿದ ಮಾತುಗಳ ಬರಹ ರೂಪ.)

ಕಪ್ಪೆ ನೋಡಬೇಕು ಅಂದ್ರೆ ಆಗುಂಬೆಗೆ ಹೋಗಬೇಕು, ಬಿಸಿಲೆಗೆ ಹೋಗಬೇಕು, ಅದೂ ಜುಲೈನಲ್ಲೇ ಹೋಗಬೇಕು. ಬೆಂಗಳೂರಿನಲ್ಲಿ ಈ ಮಾತು ಜಾಸ್ತಿ ಕೇಳುತ್ತೇನೆ. ಘಟ್ಟದ ಕಪ್ಪೆಗಳು ನೋಡಲೇಬೇಕಾದವು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವತ್ತು ನಾನು ಹೇಳೋಕೆ ಬಂದಿರುವುದು ನಮ್ಮೂರಿನ ಕಪ್ಪೆಗಳ ಬಗ್ಗೆ. ಇವಕ್ಕೆ ಜುಲೈವರೆಗೆ ಕಾಯಬೇಕಾಗಿಲ್ಲ. ಯುಗಾದಿ ಮುಗಿದು, ಹೊಂಗೆ ಹೂವು ಉದುರಿ ಮರದ ಬುಡವೆಲ್ಲ ಬೆಳ್ಳಗಾಗಿರುವ ಹೊತ್ತಿಗೆ ಒಂದು ಒಳ್ಳೆ ಗುಡುಗು ಮಳೆ ಬಿದ್ದರೆ ಸಾಕು.

ನಿಮ್ಮಲ್ಲಿ ಹಳ್ಳಿ ಕಡೆಯವರಿಗೆ ಮಳೆ ನಕ್ಷತ್ರದ ಲೆಕ್ಕ ಗೊತ್ತಿರುತ್ತದೆ. ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಮಧ್ಯಕ್ಕೆ ಕೃತ್ತಿಕೆ. ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ ಅಂತ ಗಾದೆ. ಕಪ್ಪೆಗಳದ್ದೂ ಅದೇ ಲೆಕ್ಕ. ಮುಂಗಾರು ಕೇರಳಕ್ಕೆ ಬಂತಾ, ಕರಾವಳಿಗೆ ಬಂತಾ ಅಂತ ನಾವು ಟಿವಿ ನೋಡುತ್ತಾ ಕೂತಿರುತ್ತೇವೆ. ಇಲ್ಲಿನ ಎಷ್ಟೋ ಕಪ್ಪೆಗಳು ಅಷ್ಟರಲ್ಲಿ ಮದುವೆ ಮುಗಿಸಿ, ಮೊಟ್ಟೆ ಇಟ್ಟು, ಮತ್ತೆ ಮಣ್ಣು ಸೇರಿರುತ್ತವೆ.

ಹಾಗಾಗಿ ದಿನ ಆರಿಸಿಕೊಳ್ಳುವುದೇ ಮೊದಲ ಕೆಲಸ. ಎರಡು ವಾರ ಸೆಕೆ ಬೆಂದು, ಒಂದು ಸಂಜೆ ಚರಂಡಿ ಉಕ್ಕುವ ಹಾಗೆ ಮಳೆ ಹೊಡೆಯುತ್ತದಲ್ಲ, ಆ ರಾತ್ರಿ ಇಲ್ಲವೇ ಮಾರನೇ ರಾತ್ರಿ ಹೊರಡಬೇಕು. ಮೂರನೇ ದಿನಕ್ಕೆ ಅರ್ಧ ಗಲಾಟೆ ಮುಗಿದಿರುತ್ತದೆ. ಶನಿವಾರ ಬಿಡುವಿದೆ, ಶನಿವಾರ ಹೋಗೋಣ ಅಂದರೆ ನಡೆಯುವುದಿಲ್ಲ. ಕಪ್ಪೆ ನಮ್ಮ ರಜೆ ನೋಡುವುದಿಲ್ಲ.

ಹೋದ ವರ್ಷ ಹಾಗೆ ಮಳೆ ಬಿದ್ದ ಮಾರನೇ ದಿನ ನಾವೊಂದಷ್ಟು ಜನ ಹೆಸರಘಟ್ಟದ ಕಡೆ ಹೋಗಿದ್ದೆವು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಅಮ್ಮ, ಅವರ ಮೊಮ್ಮಗಳು, ಕಾಲೇಜಿನ ಇಬ್ಬರು ಹುಡುಗರು, ನಾನು. ಆ ದಿನ ಕಂಡಿದ್ದನ್ನು ಬೆಳಗಿನಿಂದ ರಾತ್ರಿವರೆಗೆ ಅದೇ ಕ್ರಮದಲ್ಲಿ ಹೇಳುತ್ತಾ ಹೋಗುತ್ತೇನೆ, ನಡುನಡುವೆ ಬೇರೆ ವಿಷಯವೂ ಬರುತ್ತದೆ.

ಹೆಸರಘಟ್ಟದ ಬಗ್ಗೆ ಎರಡು ಮಾತು. ಇದು 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಕೆರೆ. ಬೆಂಗಳೂರಿಗೆ ಮೊದಲು ಕೊಳಾಯಿ ನೀರು ಬಂದದ್ದು ಇಲ್ಲಿಂದ. ಸೋಲದೇವನಹಳ್ಳಿಯಲ್ಲಿ ಪಂಪು ಕೂರಿಸಿ ನೀರನ್ನು ಊರಿಗೆ ತಳ್ಳುತ್ತಿದ್ದರು. ಕೆರೆಯ ಪಕ್ಕದಲ್ಲಿ ಮೈಲಿಗಟ್ಟಲೆ ಹುಲ್ಲುಗಾವಲಿದೆ. ಬೆಂಗಳೂರಿನ ಸುತ್ತ ಉಳಿದಿರುವ ದೊಡ್ಡ ಹುಲ್ಲುಗಾವಲು ಇದೊಂದೇ ಅನ್ನಬೇಕು. ಅದನ್ನು ಸಂರಕ್ಷಿತ ಪ್ರದೇಶ ಮಾಡಬೇಕು ಅಂತ ವರ್ಷಗಟ್ಟಲೆ ಹೋರಾಡಿದವರಿದ್ದಾರೆ. 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ 5,600ಕ್ಕೂ ಹೆಚ್ಚು ಎಕರೆಗೆ ಒಪ್ಪಿಗೆ ಕೊಟ್ಟಿತು. ಹುಲ್ಲು ಅಂದ್ರೆ ನಮ್ಮ ಜನಕ್ಕೆ ಖಾಲಿ ಜಾಗ, ಗಿಡ ನೆಡಬೇಕಾದ ಜಾಗ. ಅಲ್ಲಿ ಮರ ಇಲ್ಲದಿರುವುದೇ ಸರಿ, ಅದು ಹುಲ್ಲಿನ ಕಾಡು ಅಂತ ತಿಳಿಸಿ ಹೇಳೋದಕ್ಕೆ ಎಷ್ಟು ವರ್ಷ ಬೇಕಾಯಿತು ನೋಡಿ.

ಬೆಳಿಗ್ಗೆ ಏಳಕ್ಕೆ ಅಲ್ಲಿದ್ದೆವು. ಬೆಳಗಿನ ಹೊತ್ತು ಹಕ್ಕಿಗಳದ್ದು. ನೆಲಗುಬ್ಬಿ ನೋಡಿದ್ದೀರಾ? ಮಣ್ಣಿನ ಬಣ್ಣದ ಹಕ್ಕಿ, ಕೂತರೆ ಕಾಣುವುದೇ ಇಲ್ಲ. ಅದರಲ್ಲಿ ಒಂದು ಜಾತಿಯ ಗಂಡು ನೆಟ್ಟಗೆ ಮೇಲಕ್ಕೆ ಹಾರಿ, ರೆಕ್ಕೆ ಮುಚ್ಚಿ ಧಬಕ್ಕನೆ ಕೆಳಗೆ ಬೀಳುತ್ತದೆ, ನೆಲ ತಾಗುವ ಮೊದಲೇ ಮತ್ತೆ ಮೇಲಕ್ಕೇಳುತ್ತದೆ. ಬೀಳುವಾಗ ಉದ್ದ ಸಿಳ್ಳೆ ಹಾಕುತ್ತದೆ. ಇದೆಲ್ಲಾ ಹೆಣ್ಣಿಗಾಗಿ. ತೇನೆ ಹಕ್ಕಿಗಳಂತೂ ನಮ್ಮನ್ನು ಕಂಡ ಕೂಡಲೇ ತಲೆ ಮೇಲೆ ಸುತ್ತಿ ಸುತ್ತಿ ಬೈಯುತ್ತಿದ್ದವು. ಆಗ ಅವು ನೆಲದಲ್ಲೇ ಮೊಟ್ಟೆ ಇಟ್ಟಿರುತ್ತವೆ, ಕಲ್ಲಿನ ನಡುವೆ ಕಲ್ಲಿನದ್ದೇ ಬಣ್ಣ. ಅವು ಬೈಯುತ್ತಿವೆ ಅಂದ್ರೆ ಕಾಲ ಕೆಳಗೆ ನೋಡಿಕೊಂಡು ಹಿಂದಕ್ಕೆ ಬರಬೇಕು ಅಂತ ಅರ್ಥ.

ಮಣ್ಣು ಇನ್ನೂ ಒದ್ದೆ ಇತ್ತು. ಹುಲ್ಲಿನ ಬುಡದಲ್ಲಿ ಕಡುಗೆಂಪು ಬಣ್ಣದ, ಮಖಮಲ್ಲಿನಂಥ ಮೈಯ ಸಣ್ಣ ಹುಳಗಳು ಓಡಾಡುತ್ತಿದ್ದವು. ಮೊದಲ ಮಳೆಗೆ ಮಾತ್ರ ಕಾಣುವ ಹುಳ, ನಾಲ್ಕು ದಿನ ಕಳೆದರೆ ಹುಡುಕಿದರೂ ಸಿಗುವುದಿಲ್ಲ. ಗೆದ್ದಲ ಹುತ್ತದ ಬಾಯಿಯ ಸುತ್ತ ಉದುರಿದ ರೆಕ್ಕೆಗಳು. ಹಿಂದಿನ ರಾತ್ರಿ ಮಳೆಹುಳ, ಅಂದ್ರೆ ರೆಕ್ಕೆ ಬಂದ ಗೆದ್ದಲು, ಎದ್ದಿದೆ. ಹುಡುಗರಿಗೆ ಹೇಳಿದೆ, ಈ ರೆಕ್ಕೆ ನೋಡಿಕೊಳ್ಳಿ, ರಾತ್ರಿ ಇದು ಕೆಲಸಕ್ಕೆ ಬರುತ್ತದೆ ಅಂತ. ಯಾಕೆ ಅಂತ ಆಮೇಲೆ ಬರುತ್ತೇನೆ.

ಬಿಸಿಲೇರಿದ ಮೇಲೆ ಕಲ್ಲುಗಳನ್ನು ಎತ್ತಿ ನೋಡುತ್ತಾ ಹೋದೆವು. ಕಲ್ಲೆತ್ತುವುದಕ್ಕೂ ಒಂದು ರೀತಿ ಇದೆ. ಕಲ್ಲಿನ ಆಚೆ ಅಂಚು ಹಿಡಿದು ನಿಮ್ಮ ಕಡೆಗೆ ಎತ್ತಬೇಕು. ಆಗ ಕೆಳಗೆ ಚೇಳೋ ಹಾವೋ ಇದ್ದರೆ ನಿಮಗೂ ಅದಕ್ಕೂ ನಡುವೆ ಕಲ್ಲು ಇರುತ್ತದೆ, ಅದು ಆಚೆ ಕಡೆ ಹೋಗುತ್ತದೆ. ನೋಡಿದ ಮೇಲೆ ಕಲ್ಲನ್ನು ಇದ್ದ ಹಾಗೇ ಇಡಬೇಕು. ಇದನ್ನು ಒತ್ತಿ ಹೇಳುತ್ತೇನೆ. ಆ ಕಲ್ಲಿನ ಕೆಳಗಿನ ತಂಪು ಎಷ್ಟೋ ದಿನದಿಂದ ಕೂಡಿಬಂದಿರುತ್ತದೆ. ನೀವು ಮಗುಚಿ ಹೋದರೆ ಅರ್ಧ ಗಂಟೆಯ ಬಿಸಿಲಿಗೆ ಎಲ್ಲಾ ಒಣಗುತ್ತದೆ. ಕಪ್ಪೆ ಚರ್ಮದಿಂದಲೂ ಉಸಿರಾಡುವ ಜೀವ. ಚರ್ಮ ಒಣಗಿದರೆ ಅದಕ್ಕೆ ಉಳಿಗಾಲವಿಲ್ಲ.

ಅಂಥ ಒಂದು ಕಲ್ಲಿನ ಕೆಳಗೆ ಮೊಮ್ಮಗಳಿಗೆ ಮೊದಲ ಕಪ್ಪೆ ಸಿಕ್ಕಿತು. ಎರಡು, ಎರಡೂವರೆ ಸೆಂಟಿಮೀಟರಿನ ಕಂದು ಕಪ್ಪೆ. ಚೂಪು ಮೂತಿ, ಅಗಲ ಹೊಟ್ಟೆ, ಬೆನ್ನ ಮೇಲೆ ಗಾಢ ಬಣ್ಣದ ಚಿತ್ತಾರ. ಮೈಕ್ರೋಹೈಲಾ ಆರ್ನೇಟಾ ಅಂತ ಇದರ ಹೆಸರು, ಕಿರುಬಾಯಿ ಕಪ್ಪೆಗಳ ಗುಂಪಿನದ್ದು. "ಇದು ಮರಿನಾ ಅಂಕಲ್?" ಅಂದಳು. ಇಲ್ಲಮ್ಮ, ಇದು ಪೂರ್ತಿ ಬೆಳೆದಿರುವುದು, ಇದರ ಗಾತ್ರವೇ ಇಷ್ಟು ಅಂದೆ. ಅವಳಿಗೆ ನಂಬಿಕೆ ಬರಲಿಲ್ಲ. ರಾತ್ರಿ ಅದರ ಕೂಗು ಕೇಳಿದ ಮೇಲೆ ಅವಳ ಮುಖ ನೋಡಬೇಕಿತ್ತು ನೀವು.

ಮಧ್ಯಾಹ್ನಕ್ಕೆ ಹಳೆಯ ಕಲ್ಲು ಕ್ವಾರಿಯ ಗುಂಡಿಯೊಂದರ ಹತ್ತಿರ ಕೂತು ಬುತ್ತಿ ಬಿಚ್ಚಿದೆವು. ಚಿತ್ರಾನ್ನ, ಮೊಸರನ್ನ. ನೀರಿನಲ್ಲಿ ಬರೀ ಕಣ್ಣುಗಳು. ಮೈಯೆಲ್ಲ ನೀರೊಳಗೆ, ಎರಡು ಕಣ್ಣು ಮಾತ್ರ ಮೇಲೆ. ಹತ್ತಿರ ಹೋದರೆ ಚಟಚಟಚಟ ಅಂತ ನೀರಿನ ಮೇಲೇ ಜಿಗಿಜಿಗಿದು ಆಚೆ ದಡ ಸೇರುತ್ತಿದ್ದವು. ಇದು ನಮ್ಮ ಕೆರೆಗಳಲ್ಲಿ, ಚರಂಡಿಗಳಲ್ಲಿ ವರ್ಷಪೂರ್ತಿ ಸಿಗುವ ಕಪ್ಪೆ, ಯೂಫ್ಲಿಕ್ಟಿಸ್. ಕೊಳಕು ನೀರಿಗೂ ಒಗ್ಗಿಕೊಂಡಿದೆ. ಬೆಂಗಳೂರಿನಲ್ಲಿ ಕಪ್ಪೆ ಇನ್ನೂ ಇವೆಯಲ್ಲ, ಏನು ತೊಂದರೆ ಅನ್ನುವವರು ಸಾಮಾನ್ಯವಾಗಿ ನೋಡಿರುವುದು ಇದನ್ನು ಮತ್ತು ಬೀದಿ ದೀಪದ ಕೆಳಗೆ ಕೂರುವ ನೆಲಗಪ್ಪೆಯನ್ನು. ಇವೆರಡೂ ಗಟ್ಟಿ ಜೀವಗಳು. ಇವು ಇವೆ ಅಂತ ಉಳಿದವೂ ಇವೆ ಅಂದುಕೊಳ್ಳಬಾರದು.

ಊಟದ ಹೊತ್ತಿನಲ್ಲಿ ಹುಡುಗರು ಒಂದು ಪ್ರಶ್ನೆ ಕೇಳಿದರು: ಬೆಂಗಳೂರಿನಲ್ಲಿ ಕಪ್ಪೆಗಳ ಬಗ್ಗೆ ಮೊದಲು ಕೆಲಸ ಮಾಡಿದವರು ಯಾರು? ಈ ಹೆಸರು ಇಲ್ಲಿರುವ ಎಲ್ಲರಿಗೂ ಗೊತ್ತಿರಬೇಕು ಅನ್ನುವುದು ನನ್ನ ಆಸೆ. ಸಿ.ಆರ್. ನಾರಾಯಣ ರಾವ್. 1882ರಲ್ಲಿ ಹುಟ್ಟಿದವರು, ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರು. 1932ರಲ್ಲಿ ಬೆಂಗಳೂರಿನಿಂದ 'ಕರೆಂಟ್ ಸೈನ್ಸ್' ಪತ್ರಿಕೆ ಶುರುವಾದಾಗ ಅದರ ಮೊದಲ ಸಂಪಾದಕರು ಅವರೇ. ದಕ್ಷಿಣ ಭಾರತದ ಕಪ್ಪೆಗಳನ್ನು ಹುಡುಕಿ, ಚಿತ್ರ ಬರೆಸಿ, 1937ರಲ್ಲಿ ಹೊಸ ಕಪ್ಪೆಗಳ ದೊಡ್ಡ ಪ್ರಬಂಧವೊಂದನ್ನು ಪ್ರಕಟಿಸಿದರು. ಅವರು ಬಾಟಲಿಗಳಲ್ಲಿ ಇಟ್ಟಿದ್ದ ಮಾದರಿಗಳು ಮಾತ್ರ ಆಮೇಲೆ ಕಳೆದುಹೋದವು. ಒಂದು ಜಾತಿಗೆ ಹೆಸರಿಟ್ಟ ಮೂಲ ಮಾದರಿಯೇ ಇಲ್ಲ ಅಂದ್ರೆ ಮುಂದೆ ಬರುವವರಿಗೆ ಎಷ್ಟು ಕಷ್ಟ ಯೋಚಿಸಿ. ಅವರು ಹೆಸರಿಟ್ಟ ಕೆಲವು ಕಪ್ಪೆಗಳು ಯಾವುವು ಅಂತ ದಶಕಗಟ್ಟಲೆ ಗೊಂದಲವಾಯಿತು. 2010ರಲ್ಲಿ ಘಟ್ಟದ ಪೊದೆಗಪ್ಪೆಗಳ ಒಂದು ಕುಲಕ್ಕೆ ರಾವೋರ್ಕೆಸ್ಟಿಸ್ ಅಂತ ಅವರ ಹೆಸರನ್ನೇ ಇಟ್ಟರು. ಅವರು ಪಾಠ ಮಾಡಿದ ಊರಿನಲ್ಲಿ ಅವರ ಹೆಸರು ಕೇಳಿದವರು ಇಷ್ಟು ಕಡಿಮೆ ಅನ್ನುವುದು ನನಗೆ ನಿಜವಾಗಿ ನೋವಿನ ಸಂಗತಿ.

ಇದೇ ಮಾತಿಗೆ ಸೇರಿಸಿ ಹೇಳಬೇಕಾದ್ದು ಇನ್ನೊಂದಿದೆ. 2020ರಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಬಿಲ ತೋಡುವ ಹೊಸ ಕಪ್ಪೆಯೊಂದನ್ನು ಗುರುತಿಸಿ, ಅದಕ್ಕೆ ಸ್ಫೇರೋಥೀಕಾ ಬೆಂಗಳೂರು ಅಂತ ಹೆಸರಿಟ್ಟರು. ಕೋಟಿಗೂ ಮೀರಿ ಜನ ಇರುವ ಊರಿನ ಅಂಚಿನಲ್ಲಿ, ರಾಗಿ ಹೊಲ, ಸೈಟು, ಲೇಔಟುಗಳ ನಡುವೆ, ವಿಜ್ಞಾನಕ್ಕೆ ಗೊತ್ತಿಲ್ಲದ ಒಂದು ಕಪ್ಪೆ 2020ರವರೆಗೂ ಹೆಸರಿಲ್ಲದೆ ಬದುಕಿತ್ತು.

ಈ ಬಿಲ ತೋಡುವ ಕಪ್ಪೆಯನ್ನು ನೋಡಬೇಕು ಅಂತಲೇ ನಾವು ಸಂಜೆಗೆ ಹುಲ್ಲುಗಾವಲು ಬಿಟ್ಟು ಪಕ್ಕದ ಹಳ್ಳಿಯ ಹೊಲಗಳ ಕಡೆ ಬಂದೆವು. ಕತ್ತಲಾದ ಮೇಲೆ ಅರಣ್ಯ ಇಲಾಖೆಯ ಜಾಗದಲ್ಲಿ ಅನುಮತಿ ಇಲ್ಲದೆ ಇರಬಾರದು, ಅದು ಕಾನೂನು. ಹೊಲದ ಬದುವಿಗೆ ಹೊಲದವರನ್ನು ಕೇಳಿದರೆ ಸಾಕು. ಅಲ್ಲೊಬ್ಬ ಹಿರಿಯ ರೈತರು ಸಿಕ್ಕಿದರು.

"ಏನ್ ಸಾರ್, ಕಪ್ಪೆ ನೋಡಕ್ಕಾ ಇಷ್ಟು ದೂರ ಬಂದಿರೋದು?"

"ಹೌದು ಯಜಮಾನ್ರೇ. ನೆಲದೊಳಗೆ ಇರುತ್ತಲ್ಲ, ದುಂಡಗೆ, ಆ ಕಪ್ಪೆ."

"ಅದಾ? ಉಳುವಾಗ ಸಾಲಲ್ಲಿ ಉಂಡುಂಡಗೆ ಎದ್ದು ಬತ್ತವೆ. ಮಣ್ಣು ಯಾವುದು, ಕಪ್ಪೆ ಯಾವುದು ಗೊತ್ತಾಗಕಿಲ್ಲ. ಆ ಗೋಕಟ್ಟೆ ಪಕ್ಕ ಒಂದು ಗುಂಡಿ ಐತೆ ನೋಡಿ, ಏರಿಗೆ ಮಣ್ಣು ತೆಗೆದಿದ್ದು. ನೆನ್ನೆ ರಾತ್ರಿ ಅಲ್ಲಿ ನಿದ್ದೆ ಮಾಡಕ್ಕೆ ಬಿಟ್ಟಿಲ್ಲ ಅವು."

ಆ ಗುಂಡಿಯೇ ನನ್ನ ಮಾತಿನ ಮುಖ್ಯ ವಿಷಯ. ಹೆಚ್ಚೆಂದರೆ ಈ ಕೋಣೆಯಷ್ಟು ಅಗಲ. ನೀರು ಮೊಣಕಾಲಿಗೂ ಇಲ್ಲ. ಬಣ್ಣ ಚಹಾದಂತೆ. ನೂರು ಹೆಜ್ಜೆ ಆಚೆಗೆ ದೊಡ್ಡ ಕೆರೆ ಇದೆ. ಕಪ್ಪೆಗಳ ಸಂತೆ ನೆರೆದಿದ್ದು ಮಾತ್ರ ಇಲ್ಲಿ.

ಯಾಕೆ? ಕೆರೆಯಲ್ಲಿ ಮೀನಿದೆ. ಮೀನಿಗೆ ಕಪ್ಪೆ ಮೊಟ್ಟೆ, ಗೊದಮೊಟ್ಟೆ ಅಂದ್ರೆ ಹಬ್ಬದೂಟ. ಮಳೆಗೆ ತುಂಬಿ ಬೇಸಿಗೆಗೆ ಒಣಗುವ ಗುಂಡಿಯಲ್ಲಿ ಮೀನು ಬದುಕುವುದಿಲ್ಲ. ಅದು ಒಣಗುತ್ತದೆ ಅನ್ನುವುದೇ ಅದರ ಗುಣ. ತೆಳು ನೀರು ಬಿಸಿಲಿಗೆ ಬೇಗ ಬೆಚ್ಚಗಾಗುತ್ತದೆ, ಪಾಚಿ ಬೇಗ ಬೆಳೆಯುತ್ತದೆ, ಗೊದಮೊಟ್ಟೆಯೂ ಬೇಗ ಬೆಳೆಯುತ್ತದೆ. ಇದು ಒಂದು ಪಂದ್ಯ. ಗುಂಡಿ ಒಣಗುವ ಮೊದಲು ಬಾಲ ಕರಗಿ, ಕಾಲು ಮೂಡಿ, ದಡ ಹತ್ತಬೇಕು. ಹೆಚ್ಚುಕಮ್ಮಿ ಒಂದು ತಿಂಗಳು ನೀರು ನಿಂತರೆ ಇಲ್ಲಿನ ಬಹಳಷ್ಟು ಜಾತಿಗಳು ಗೆಲ್ಲುತ್ತವೆ. ಮಳೆ ಕೈಕೊಟ್ಟರೆ ಆ ವರ್ಷದ ಮರಿ ಪೂರ್ತಿ ಹೋಯಿತು. ಆದರೂ ಸಾವಿರಾರು ವರ್ಷಗಳಿಂದ ಅವು ಮೀನಿರುವ ಕೆರೆಗಿಂತ ಈ ಅಪಾಯವನ್ನೇ ಆರಿಸಿಕೊಂಡು ಬಂದಿವೆ.

ಸಂಜೆ ಆರೂಮುಕ್ಕಾಲಿಗೆ ಮೊದಲ ಕೂಗು. ಕಣ್ಣು ಮುಚ್ಚಿ ಕೂರಿ ಅಂತ ಎಲ್ಲರಿಗೂ ಹೇಳಿದೆ. ರಾತ್ರಿ ಕಪ್ಪೆಯನ್ನು ಮೊದಲು ಕಿವಿಯಿಂದ ನೋಡಬೇಕು. ಕೂಗುವುದು ಗಂಡು, ಗಂಟಲ ಕೆಳಗಿನ ಚೀಲ ಉಬ್ಬಿಸಿ ಕೂಗುತ್ತದೆ. ಒಂದೊಂದು ಜಾತಿಗೂ ಅದರದ್ದೇ ದನಿ, ಅದರದ್ದೇ ಲಯ. ಆ ಗದ್ದಲದಲ್ಲಿ ಹೆಣ್ಣಿಗೆ ತನ್ನವನು ಯಾರು ಅಂತ ಗೊತ್ತಾಗಬೇಕಲ್ಲ. ಬೆಳಿಗ್ಗೆ ಕಲ್ಲಿನ ಕೆಳಗೆ ಸಿಕ್ಕಿತಲ್ಲ, ಬೆರಳ ತುದಿಯಷ್ಟು ಕಪ್ಪೆ, ಅದೇ ಎಲ್ಲರಿಗಿಂತ ಜೋರು. ಗಟ್ಟಿ ಬಾಚಣಿಗೆಯ ಹಲ್ಲುಗಳ ಮೇಲೆ ಉಗುರನ್ನು ಸರ್‌ರನೆ ಎಳೆದ ಹಾಗೆ, ಮತ್ತೆ ಮತ್ತೆ. ಹುಡುಗಿ ಟಾರ್ಚು ಹಾಕಿ ಹಾಕಿ ದೊಡ್ಡ ಕಪ್ಪೆಗಾಗಿ ಹುಡುಕುತ್ತಿದ್ದಳು. ಎರಡು ಹುಲ್ಲಿನ ಎಸಳ ನಡುವೆ ಕೂತು, ಮೈಗಿಂತ ದೊಡ್ಡದಾಗಿ ಗಂಟಲು ಉಬ್ಬಿಸಿಕೊಂಡಿದ್ದ ಅದನ್ನು ಕೊನೆಗೆ ತೋರಿಸಿದಾಗ, ಅವಳು ಅಜ್ಜಿ ಕಡೆ ತಿರುಗಿ "ಇದೇನಾ!" ಅಂದಳು. ಇದರ ಗೊದಮೊಟ್ಟೆ ನೋಡಿದರಂತೂ ಇನ್ನೂ ಆಶ್ಚರ್ಯ. ಮೈ ಗಾಜಿನಂತೆ ಪಾರದರ್ಶಕ, ಒಳಗಿನ ಕರುಳೂ ಕಾಣುತ್ತದೆ. ತಳದಲ್ಲಿ ಪಾಚಿ ಕೆರೆಯದೆ, ನೀರಿನ ನಡುವೆ ತೇಲುತ್ತಾ ನೀರನ್ನೇ ಸೋಸಿ ತಿನ್ನುತ್ತದೆ.

ಆಮೇಲೆ ನೆಲಗಪ್ಪೆಯ ಉದ್ದನೆಯ ಕುರ್‌ರ್‌ರ್. ಇದು ಮೊಟ್ಟೆಯನ್ನು ಸರದ ಹಾಗೆ ಪೋಣಿಸಿ ಇಡುತ್ತದೆ, ಜವುಗಿನ ಗಿಡಕ್ಕೆ ಸುತ್ತಿಕೊಂಡಿರುತ್ತದೆ. ಕಣ್ಣಿನ ಹಿಂದೆ ಉಬ್ಬಿದ ಗ್ರಂಥಿಯಲ್ಲಿ ವಿಷ ಇರುತ್ತದೆ. ಮುಟ್ಟಿದರೆ ನಮಗೇನೂ ಆಗುವುದಿಲ್ಲ, ನಾಯಿ ಇದನ್ನು ಕಚ್ಚಿದರೆ ನಾಯಿಯ ಬಾಯಲ್ಲಿ ನೊರೆ ಬರುತ್ತದೆ.

ಎಂಟು ಗಂಟೆ ಹೊತ್ತಿಗೆ ಗೋಂಕರು ಕಪ್ಪೆಗಳು. ನಿಮ್ಮಲ್ಲಿ ಎಷ್ಟು ಜನ ಇದರ ಮದುವೆ ಬಟ್ಟೆ ನೋಡಿದ್ದೀರೋ ಗೊತ್ತಿಲ್ಲ. ವರ್ಷವೆಲ್ಲ ಹಸಿರು ಕಂದು ಬಣ್ಣದ ಈ ದೊಡ್ಡ ಕಪ್ಪೆಯ ಗಂಡು, ಈ ಕೆಲವೇ ರಾತ್ರಿಗಳಲ್ಲಿ ನಿಂಬೆಹಣ್ಣಿನ ಹಳದಿಗೆ ತಿರುಗುತ್ತದೆ. ಗಂಟಲಿನ ಎರಡು ಬದಿಯ ಚೀಲ ಗಾಢ ನೀಲಿ. ಟಾರ್ಚಿನ ಬೆಳಕಿನಲ್ಲಿ ಹತ್ತಾರು ಹಳದಿ ಕಪ್ಪೆಗಳು ಒಂದರ ಮೇಲೊಂದು ಬಿದ್ದು ಕುಸ್ತಿ ಆಡುತ್ತಿದ್ದವು. ಬ್ಯಾಂಕಿನ ಅಮ್ಮ ಅಂದರು, ಪಿಯುಸಿಯಲ್ಲಿ ಮೇಣದ ತಟ್ಟೆ ಮೇಲೆ ಮೊಳೆ ಹೊಡೆದು ಕೊಯ್ದದ್ದು ಇದನ್ನೇ ಇರಬೇಕು, ಬದುಕಿರುವಾಗ ಇಷ್ಟು ಚೆಂದ ಅಂತ ಯಾರೂ ಹೇಳಲಿಲ್ಲ ಅಂತ. ಪದವಿ ಕಾಲೇಜುಗಳಲ್ಲಿ ಹಾಗೆ ಕೊಯ್ಯುವುದನ್ನು 2011ರಿಂದ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಹಂತಹಂತವಾಗಿ ನಿಲ್ಲಿಸುತ್ತಾ ಬಂತು. ಅದಕ್ಕೂ ಮೊದಲು ಇನ್ನೊಂದು ದೊಡ್ಡ ಹೊಡೆತ ಬಿದ್ದಿತ್ತು. ಕಪ್ಪೆ ಕಾಲನ್ನು ವಿದೇಶದ ಊಟದ ಮೇಜಿಗೆ ಕಳಿಸುವ ವ್ಯಾಪಾರ 1981ರ ಸುಮಾರಿಗೆ ವರ್ಷಕ್ಕೆ 4,000 ಟನ್ ದಾಟಿತ್ತು. ಬರೀ ಕಾಲುಗಳ ತೂಕ ಅದು. 1987ರಲ್ಲಿ ಭಾರತ ಸರ್ಕಾರ ಈ ರಫ್ತನ್ನು ನಿಷೇಧಿಸಿತು. ಇಲ್ಲದಿದ್ದರೆ ಆ ರಾತ್ರಿ ನಾವು ನೋಡಿದ್ದು ಏನೂ ಇರುತ್ತಿರಲಿಲ್ಲವೇನೋ.

ನಾವು ಕಾಯುತ್ತಿದ್ದ ಬಿಲದ ಕಪ್ಪೆ ಸಿಕ್ಕಿದ್ದು ಗುಂಡಿಯಲ್ಲಲ್ಲ, ಬದುವಿನ ಮೇಲೆ. ಹುಡುಗರಲ್ಲಿ ಒಬ್ಬ ಬೆಳಗಿನ ಗೆದ್ದಲ ಹುತ್ತ ನೆನಪಿಟ್ಟುಕೊಂಡು, ಬದುವಿನ ಮೇಲಿದ್ದ ಇನ್ನೊಂದು ಹುತ್ತದ ಹತ್ತಿರ ಹೋಗಿ ಕಾದಿದ್ದ. ಮಳೆಹುಳ ಏಳುವ ಬಾಯಿಯ ಪಕ್ಕದಲ್ಲೇ ದುಂಡು ಮೈಯ ಕಪ್ಪೆ ಕೂತು ಒಂದೊಂದಾಗಿ ನುಂಗುತ್ತಿತ್ತು. ನಮ್ಮ ಬೆಳಕು ಬಿದ್ದ ಕೂಡಲೇ ಅದು ಜಿಗಿಯಲಿಲ್ಲ. ಅಲ್ಲೇ ಕುಕ್ಕರಿಸಿ ಹಿಂಗಾಲು ಆಡಿಸತೊಡಗಿತು. ಹತ್ತಿರ ಬಗ್ಗಿ ನೋಡಿದೆವು. ಹಿಂಗಾಲಿನ ಪಾದದ ಒಳಬದಿಯಲ್ಲಿ, ಹೆಬ್ಬೆರಳಿನ ಬುಡದಲ್ಲಿ, ಗಟ್ಟಿಯಾದ ಅಂಚು ಇರುವ ಒಂದು ಉಬ್ಬು ಇದೆ. ಅದೇ ಗುದ್ದಲಿ. ಎಡಗಾಲು ಒಮ್ಮೆ, ಬಲಗಾಲು ಒಮ್ಮೆ, ಮಣ್ಣನ್ನು ಪಕ್ಕಕ್ಕೆ ತಳ್ಳುತ್ತಾ, ಮೈಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ ಅದು ಹಿಂದುಹಿಂದಕ್ಕೆ ಇಳಿಯಿತು. ಮುಖ ನಮ್ಮ ಕಡೆಗೇ ಇತ್ತು. ಮೊದಲು ಸೊಂಟ ಮುಳುಗಿತು, ಆಮೇಲೆ ಬೆನ್ನು, ಕೊನೆಗೆ ಕಣ್ಣು ಮತ್ತು ಮೂತಿ. ಮೇಲಿನ ಸಡಿಲ ಮಣ್ಣು ಕುಸಿದು ಮುಚ್ಚಿಕೊಂಡಿತು. ನೋಡನೋಡುತ್ತಾ ನೆಲ ಮೊದಲಿದ್ದ ಹಾಗೇ ಆಯಿತು.

ಇಂಥ ಕಪ್ಪೆಗಳು ವರ್ಷದ ಹೆಚ್ಚಿನ ಕಾಲ ಹೀಗೇ ಮಣ್ಣಿನೊಳಗೆ ಕಳೆಯುತ್ತವೆ. ಬಿಲ ತೋಡುವ ಕಪ್ಪೆಗಳಲ್ಲಿ ಬಹಳಷ್ಟು ಮೂತ್ರಕೋಶದಲ್ಲಿ ನೀರು ಹಿಡಿದಿಟ್ಟುಕೊಂಡು ಬೇಸಿಗೆ ದಾಟುತ್ತವೆ. ಮಳೆ ಬಂತು ಅಂತ ಒಳಗಿರುವುದಕ್ಕೆ ಹೇಗೆ ಗೊತ್ತಾಗುತ್ತದೆ ಅಂತ ನೀವು ಕೇಳಬಹುದು. ಅಮೆರಿಕದ ಮರುಭೂಮಿಯ ಇಂಥದ್ದೇ ಕಪ್ಪೆಗಳ ಮೇಲೆ ಪ್ರಯೋಗ ಮಾಡಿದವರು, ಮಳೆಹನಿ ನೆಲಕ್ಕೆ ಬಡಿಯುವ ಅದುರೇ ಅವನ್ನು ಎಬ್ಬಿಸುತ್ತದೆ ಅಂತ ತೋರಿಸಿದ್ದಾರೆ. ಈಗ ನಮ್ಮ ಊರಿನ ನೆಲ ಯೋಚಿಸಿ. ಕಾಂಕ್ರೀಟು, ಇಂಟರ್‌ಲಾಕ್ ಇಟ್ಟಿಗೆ, ಟಾರು. ಸೈಟಿಗೆ ಮಟ್ಟ ಮಾಡಲು ಲಾರಿಗಟ್ಟಲೆ ಹೊರಗಿನ ಮಣ್ಣು ತಂದು ಸುರಿಯುತ್ತೇವೆ. ಕೆಳಗೆ ಮಲಗಿದ್ದವು ಕೆಳಗೇ ಉಳಿಯುತ್ತವೆ.

ಮರಗಪ್ಪೆಯ ಬಗ್ಗೆ ಹೇಳದೆ ಹೋದರೆ ನಿಮ್ಮಲ್ಲಿ ಕೆಲವರು ಬಿಡುವುದಿಲ್ಲ, ಯಾಕಂದ್ರೆ ಬಚ್ಚಲಮನೆಗೆ ಬರುವುದು ಅದೇ. ಬೆರಳ ತುದಿಯಲ್ಲಿ ದುಂಡನೆ ತಟ್ಟೆಗಳಿರುತ್ತವೆ, ಟೈಲ್ಸ್ ಗೋಡೆಯನ್ನೂ ಹತ್ತುತ್ತದೆ. ಟಕ್, ಟಕ್‌ಟಕ್‌ಟಕ್ ಅಂತ ಯಾರೋ ಬಾಗಿಲು ಬಡಿದ ಸದ್ದು ಬಂದರೆ ಇದೇ. ಹೊಲದವರ ಸಿಮೆಂಟ್ ತೊಟ್ಟಿಯ ಒಳಗೋಡೆಯಲ್ಲಿ, ನೀರಿಗಿಂತ ಒಂದು ಗೇಣು ಮೇಲೆ, ಇದರ ನೊರೆ ಗೂಡು ಸಿಕ್ಕಿತು. ಮುಷ್ಟಿ ಗಾತ್ರ, ಬಿಳಿ ನೊರೆ. ಮೊಟ್ಟೆ ಇಡುವಾಗ ಹೆಣ್ಣು ಅಂಟು ದ್ರವವನ್ನು ಹಿಂಗಾಲಿನಿಂದ ಕಡೆದು ಕಡೆದು ನೊರೆ ಎಬ್ಬಿಸುತ್ತದೆ. ಮೊಟ್ಟೆಗಳು ಅದರೊಳಗೆ. ಹೊರಗಿನ ಪದರ ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ, ಒಳಗೆ ಹಸಿಯಾಗೇ ಇರುತ್ತದೆ. ಕೆಲವು ದಿನಗಳಲ್ಲಿ ಮರಿ ಒಡೆದು ನೊರೆ ಕರಗಿ, ಗೊದಮೊಟ್ಟೆಗಳು ಟಪಟಪ ನೀರಿಗೆ ಬೀಳುತ್ತವೆ. ಆ ರೈತರು ಇದನ್ನು ಉಗುಳು ಅಂದುಕೊಂಡು ಪ್ರತಿ ವರ್ಷ ಪೊರಕೆಯಿಂದ ಉಜ್ಜಿ ತೆಗೆಯುತ್ತಿದ್ದರಂತೆ. ಟಾರ್ಚಿನ ಬೆಳಕಿನಲ್ಲಿ ಒಳಗಿನ ಮೊಟ್ಟೆ ತೋರಿಸಿದ ಮೇಲೆ, "ಇರಲಿ ಬಿಡಿ ಸಾರ್, ಬಸುರಿ ಮನೆ ಅದು" ಅಂದರು.

ಮಕ್ಕಳ ಮೇಲೆ ಇಷ್ಟು ಕಾಳಜಿ ಕಪ್ಪೆಗಳಲ್ಲಿ ಬೇರೆ ಬೇರೆ ರೀತಿಯಲ್ಲಿದೆ. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ ಕಪ್ಪೆ ಸಂಶೋಧಕ ಕೆ.ವಿ. ಗುರುರಾಜ ಮತ್ತು ಅವರ ಜೊತೆಗಾರರು ಗುರುತಿಸಿ 2014ರಲ್ಲಿ ಪ್ರಕಟಿಸಿದ ಕುಂಬಾರ ಕಪ್ಪೆಯಲ್ಲಿ ಗಂಡು ಎರಡು ಕೈಯಲ್ಲೂ ಕೆಸರು ತೆಗೆದು ಮೊಟ್ಟೆಗಳಿಗೆ ಮೆತ್ತುತ್ತದೆ. ಅದನ್ನು ನೋಡಬೇಕು ಅಂದ್ರೆ ಮಾತ್ರ ಘಟ್ಟಕ್ಕೇ ಹೋಗಬೇಕು.

ಈಗ ಊರಿನ ವಿಷಯ. ಬೆಂಗಳೂರಿನಲ್ಲಿ ಕೆರೆಗಾಗಿ ದುಡಿದವರು ಬಹಳ. ಜಕ್ಕೂರು, ಕೈಕೊಂಡ್ರಹಳ್ಳಿ, ಪುಟ್ಟೇನಹಳ್ಳಿ ಕೆರೆಗಳು ಇವತ್ತು ಜೀವಂತ ಇರುವುದು ಅಕ್ಕಪಕ್ಕದ ಜನ ಬಿಡದೆ ಹಿಡಿದದ್ದರಿಂದ. ಅವರಿಗೆ ನಾನು ಕೈಮುಗಿಯುತ್ತೇನೆ. ಆದರೆ ಕೆರೆ ಅಭಿವೃದ್ಧಿ ಅಂದ್ರೆ ಸಾಮಾನ್ಯವಾಗಿ ಏನು ಮಾಡುತ್ತೇವೆ? ಹೂಳೆತ್ತಿ ಆಳ ಮಾಡುತ್ತೇವೆ, ಸುತ್ತ ಕಲ್ಲು ಕಟ್ಟುತ್ತೇವೆ, ಅದರ ಮೇಲೆ ನಡೆಯುವ ದಾರಿ, ದಾರಿಗೆ ದೀಪ. ಕೆರೆಗೂ ನೆಲಕ್ಕೂ ನಡುವೆ ಇದ್ದ ಆ ಜವುಗು, ಅರ್ಧ ನೀರು ಅರ್ಧ ಹುಲ್ಲು ಇದ್ದ ಅಂಚು, ಮೊದಲು ಹೋಗುವುದು ಅದೇ. ಕೊಳದ ಬಕ ನಿಲ್ಲುವುದು ಅಲ್ಲಿ, ನೀರು ಹಾವು ಬೇಟೆಯಾಡುವುದು ಅಲ್ಲಿ, ಕಪ್ಪೆ ಮೊಟ್ಟೆ ಇಡುವುದೂ ಅಲ್ಲೇ. ಹಳೆಯ ಕೆರೆಗಳ ಜೊತೆಗೆ ಕುಂಟೆ, ಕಟ್ಟೆ, ಗೋಕಟ್ಟೆ ಅನ್ನುವ ಸಣ್ಣ ಸಣ್ಣ ನೀರಿನ ಗುಂಡಿಗಳೂ ಇದ್ದವು. ಕೆರೆಗೆ ಬೋರ್ಡು ಇದೆ, ಬೇಲಿ ಇದೆ, ಕೋರ್ಟಿನ ಆದೇಶ ಇದೆ. ಕುಂಟೆಗೆ ಏನೂ ಇಲ್ಲ. ಒಂದು ರಾತ್ರಿ ನಾಲ್ಕು ಲೋಡು ಕಟ್ಟಡದ ಕಸ ಸುರಿದರೆ ಮುಗಿಯಿತು, ಬೆಳಿಗ್ಗೆ ಅದು ಸೈಟು. ಕೆರೆ ಉಳಿಸುವ ಸಂಘಗಳ ಸಭೆಯಲ್ಲಿ ನಾನು ಪ್ರತಿ ಸಲ ಕೇಳುವುದು ಇಷ್ಟೇ: ಒಂದು ಬದಿಗೆ ಕಲ್ಲು ಕಟ್ಟಬೇಡಿ, ಇಳಿಜಾರು ಮಣ್ಣು ಹಾಗೇ ಬಿಡಿ, ಪಕ್ಕದಲ್ಲಿ ಒಂದೆರಡು ಗುಂಡಿಗಳನ್ನು ಮುಚ್ಚದೆ ಉಳಿಸಿ, ಅದಕ್ಕೆ ಮೀನು ಬಿಡಬೇಡಿ. ಖರ್ಚಿಲ್ಲದ ಕೆಲಸ.

ಪ್ರಪಂಚದ ಉಭಯಚರಗಳಲ್ಲಿ ನೂರಕ್ಕೆ 41ರಷ್ಟು ಜಾತಿಗಳು ಅಳಿವಿನ ಅಂಚಿಗೆ ಬಂದಿವೆ. ಹಕ್ಕಿಗಳಿಗಿಂತ, ಸಸ್ತನಿಗಳಿಗಿಂತ ಇದು ಜಾಸ್ತಿ. ಕಾಡು ಕಡಿಯುವುದು, ಔಷಧಿ ಸಿಂಪಡಣೆ, ಹವಾಮಾನ, ಇವೆಲ್ಲದರ ಜೊತೆಗೆ ಚರ್ಮಕ್ಕೆ ತಗಲುವ ಕೈಟ್ರಿಡ್ ಎಂಬ ಶಿಲೀಂಧ್ರ ರೋಗ. ಒಂದು ನೀರಿನ ಕೆಸರನ್ನು ಬೂಟಿನಲ್ಲಿ ಇನ್ನೊಂದು ನೀರಿಗೆ ಒಯ್ಯಬಾರದು ಅನ್ನುವುದು ಅದಕ್ಕೇ. ಘಟ್ಟದಿಂದ ಬಂದರೆ ಬೂಟು ತೊಳೆದು ಒಣಗಿಸಿ, ಆಮೇಲೆ ಇಲ್ಲಿನ ಗುಂಡಿಗೆ ಇಳಿಯಿರಿ. ಕೈಗೆ ಸೊಳ್ಳೆ ಮುಲಾಮು ಹಚ್ಚಿಕೊಂಡು ಕಪ್ಪೆ ಮುಟ್ಟಬೇಡಿ. ಮುಟ್ಟದಿದ್ದರೆ ಇನ್ನೂ ಒಳ್ಳೆಯದು.

ಹಾವಿನ ಬಗ್ಗೆ ಎಲ್ಲರಿಗೂ ಭಯ. ಕಪ್ಪೆ ಇರುವ ಕಡೆ ಹಾವು ಇರುತ್ತದೆ, ನಿಜ. ಹೆಚ್ಚಾಗಿ ಸಿಗುವುದು ವಿಷವಿಲ್ಲದ ನೀರು ಹಾವು, ಕೇರೆ ಹಾವು. ಆದರೆ ನಾಗರ, ಕೊಳಕುಮಂಡಲ, ಕಟ್ಟುಹಾವು ಮೂರೂ ಬೆಂಗಳೂರಿನ ಸುತ್ತ ಇವೆ. ಪಾದ ಪೂರ್ತಿ ಮುಚ್ಚುವ ಎತ್ತರದ ಬೂಟು, ಒಬ್ಬೊಬ್ಬರಿಗೂ ಒಂದೊಂದು ಟಾರ್ಚು, ಒಂಟಿಯಾಗಿ ಹೋಗದಿರುವುದು, ಈ ಮೂರಕ್ಕೆ ರಿಯಾಯಿತಿ ಇಲ್ಲ.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು, ಮನೆ ತಾರಸಿಯಲ್ಲಿ ಟಬ್ಬಿನಲ್ಲಿ ನೀರಿಟ್ಟರೆ ಕಪ್ಪೆ ಬರುತ್ತಾ ಅಂತ. ಬೇಡ. ಡೆಂಗಿ ಸೊಳ್ಳೆ ಬರುತ್ತದೆ, ಅಕ್ಕಪಕ್ಕದವರಿಗೂ ತೊಂದರೆ. ಅದರ ಬದಲು ಕಾಂಪೌಂಡಿನಲ್ಲಿ ಎರಡು ಮೊಳ ನೆಲವನ್ನಾದರೂ ಸಿಮೆಂಟು ಹಾಕದೆ ಬಿಡಿ. ಉದುರಿದ ಎಲೆ ಗುಡಿಸಿ ಸುಡಬೇಡಿ, ಮೂಲೆಯಲ್ಲಿ ರಾಶಿ ಇರಲಿ. ಸಂಪಿನ, ಇಂಗುಗುಂಡಿಯ ಬಾಯಿಗೆ ಮುಚ್ಚಳ ಹಾಕಿ. ಬಿದ್ದ ಕಪ್ಪೆ ನುಣುಪು ಗೋಡೆ ಹತ್ತಲಾಗದೆ ಅಲ್ಲೇ ಸಾಯುತ್ತದೆ. ತೆರೆದಿರಲೇಬೇಕಾದ ತೊಟ್ಟಿಯಾದರೆ ಒಳಗೆ ಒಂದು ಮರದ ಹಲಗೆ ಓರೆಯಾಗಿ ಇಡಿ.

ಇನ್ನೊಂದು ಪ್ರಶ್ನೆ, ಹೆಸರು ಗೊತ್ತಿಲ್ಲದ ಕಪ್ಪೆ ಕಂಡರೆ ಏನು ಮಾಡಬೇಕು? ಫೋನಿನಲ್ಲಿ ಅದರ ಕೂಗನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿ. ಫೋಟೋಗಿಂತ ಅದೇ ಹೆಚ್ಚು ಹೇಳುತ್ತದೆ. ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಆ್ಯಪ್‌ಗೆ ಶಬ್ದವನ್ನೂ ಹಾಕಬಹುದು. ಜಾಗ, ದಿನ, ಹೊತ್ತು, ಹಿಂದಿನ ಮಳೆ ಯಾವಾಗ ಬಿತ್ತು ಅನ್ನುವುದನ್ನು ಬರೆಯಿರಿ.

ನಮ್ಮ ಬಡಾವಣೆಯ ಹಿಂದೆ, ನೀರಿನ ಟ್ಯಾಂಕಿನ ಆಚೆ ಒಂದು ಖಾಲಿ ಜಾಗವಿದೆ. ಮಳೆಗೆ ಅಲ್ಲಿ ನೀರು ನಿಲ್ಲುತ್ತದೆ. ಈ ವರ್ಷ ಅಲ್ಲಿ ಯಾರ್ಯಾರು ಕೂಗುತ್ತಾರೆ ಅಂತ ಬರೆದಿಡೋಣ ಅನ್ನುವುದು ನನ್ನ ಕೋರಿಕೆ. ಭರಣಿ ಇನ್ನೂ ಬಾಕಿ ಇದೆ. ಜೋರು ಮಳೆ ಬಿದ್ದ ಮಾರನೇ ಸಂಜೆ ಆರೂವರೆಗೆ ಈ ವಾಚನಾಲಯದ ಗೇಟಿನ ಹತ್ತಿರ ಬನ್ನಿ. ಮಕ್ಕಳನ್ನು ಕರೆತನ್ನಿ, ಬೂಟು, ಟಾರ್ಚು ಮರೆಯಬೇಡಿ. ಪುಸ್ತಕ ನಾನು ತರುತ್ತೇನೆ.